ಓದಲು ಕಷ್ಟಪಡುವ ಹೈಸ್ಕೂಲ್ ಮಕ್ಕಳ ಜೊತೆ ಇಡೀ ಪುಸ್ತಕ ಓದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ಹೈಸ್ಕೂಲ್ ಟೀಚರ್‌ಗಳು, ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವವರು, ಸಂಜೆ ಹೊತ್ತು ಲೈನ್ ಮನೆ (ತೋಟದ ಕೆಲಸಗಾರರ ಸಾಲು ಮನೆ) ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುವ ಯುವಕ ಯುವತಿಯರು ಕೇಳುವ ಪ್ರಶ್ನೆಗಳು ಇವು. ನಡುವೆ ಒಂದೆರಡು ಅಪ್ಪ ಅಮ್ಮಂದಿರು ಕೇಳಿದವು. ಎಂಟರಿಂದ ಹತ್ತನೇ ಕ್ಲಾಸಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದ್ದೇನೆ.

ಒಂದು ಪ್ಯಾರಾ ಓದಲು ತಡವರಿಸುವ ಮಗುವಿಗೆ ಇಡೀ ಕಾದಂಬರಿಯಾ? ಮೊದಲು ಚಿಕ್ಕ ಚಿಕ್ಕ ಪಾಠ ಸರಿಯಾಗಿ ಓದಲಿ, ಅಲ್ವಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನನ್ನ ಉತ್ತರ: ಇಡೀ ಪುಸ್ತಕ ಅತ್ಯಂತ ಜಾಸ್ತಿ ಬೇಕಾಗಿರುವುದು ಇಂಥ ಮಕ್ಕಳಿಗೇ.

ಚೆನ್ನಾಗಿ ಓದುವ ಮಗು ಮನೆಯಲ್ಲಾದರೂ ಒಂದು ಪುಸ್ತಕ ಮುಗಿಸಿರುತ್ತದೆ. ಕಷ್ಟಪಡುವ ಮಗುವಿಗೆ ಸಿಗುವುದು ಬರೀ ತುಂಡುಗಳು. ಒಂದು ಪ್ಯಾರಾ, ಅದರ ಕೆಳಗೆ ಐದು ಪ್ರಶ್ನೆ. ಆ ಪ್ಯಾರಾದಲ್ಲಿ ಬರುವ ಮನುಷ್ಯ ಯಾರು, ಎಲ್ಲಿಂದ ಬಂದ, ಮುಂದೆ ಏನಾದ ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ. ಗೊತ್ತಾಗದ ಮೇಲೆ ಕುತೂಹಲ ಎಲ್ಲಿಂದ ಬರಬೇಕು? ಕಥೆಯಲ್ಲಿ ಹಿಂದಿನ ಪುಟವೇ ಮುಂದಿನ ಪುಟ ಅರ್ಥ ಮಾಡಿಸುತ್ತದೆ. ಪುಸ್ತಕದ ಮೂರನೇ ಒಂದು ಭಾಗ ದಾಟಿದ ಮೇಲೆ ಮಕ್ಕಳಿಗೆ ಊರು ಗೊತ್ತು, ಜನ ಗೊತ್ತು, ಬರೆದವರ ಮಾತಿನ ರೀತಿ ಗೊತ್ತು. ಅಲ್ಲಿಂದ ಓದು ತಾನೇ ಹಗುರಾಗುತ್ತದೆ. ತುಂಡು ಪಾಠಗಳಲ್ಲಿ ಮಗು ಪ್ರತಿ ಸಲವೂ ಮೊದಲಿನಿಂದ ಶುರು ಮಾಡಬೇಕು.

ಇದಕ್ಕೆ ಒಳ್ಳೆಯ ಆಧಾರವೂ ಇದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿ 20 ಟೀಚರ್‌ಗಳು 12-13 ವರ್ಷದ 365 ಮಕ್ಕಳ ಜೊತೆ 12 ವಾರದಲ್ಲಿ ಎರಡು ಕಾದಂಬರಿಗಳನ್ನು ಒಂದಾದ ಮೇಲೊಂದು ಓದಿ ಮುಗಿಸಿದರು. ಕಾದಂಬರಿಗಳು ಸುಲಭದವಲ್ಲ. ಕ್ಲಾಸಿನಲ್ಲೇ ಗಟ್ಟಿಯಾಗಿ, ಎಂದಿಗಿಂತ ಬೇಗ ಬೇಗ ಓದಿದರು. ಮಕ್ಕಳ ಓದಿನ ಗ್ರಹಿಕೆ ಸರಾಸರಿ ಎಂಟೂವರೆ ತಿಂಗಳಷ್ಟು ಮುಂದೆ ಹೋಯಿತು. ಓದಿನಲ್ಲಿ ಹಿಂದಿದ್ದ ಮಕ್ಕಳದ್ದು 16 ತಿಂಗಳಷ್ಟು. ಅದು ಇಂಗ್ಲಿಷ್ ಓದು, ನಮ್ಮದು ಕನ್ನಡ. ಅಂಕಿಗಳು ಇಲ್ಲಿಯೂ ಹಾಗೇ ಬರುತ್ತವೆ ಅಂತ ನಾನು ಹೇಳುವುದಿಲ್ಲ. ಆದರೆ 'ಹಿಂದುಳಿದವರಿಗೆ ಚಿಕ್ಕದು, ಸುಲಭದ್ದು, ನಿಧಾನದ್ದು' ಎಂಬ ನಮ್ಮ ನಂಬಿಕೆಯನ್ನು ಮತ್ತೊಮ್ಮೆ ಯೋಚಿಸಲು ಇಷ್ಟು ಸಾಕು.

ನಮ್ಮ ಕ್ಲಾಸಿನ ಅರ್ಧ ಮಕ್ಕಳಿಗೆ 'ಓದಲು ಬರುವುದಿಲ್ಲ'. ಎಲ್ಲರದ್ದೂ ಒಂದೇ ಸಮಸ್ಯೆನಾ?

ಅಲ್ಲ. ಇದನ್ನು ಬಿಡಿಸಿ ನೋಡದೆ ಮುಂದೆ ಹೋಗಬೇಡಿ. ಓದಿ ಅರ್ಥ ಮಾಡಿಕೊಳ್ಳಲು ಎರಡು ಬೇಕು: ಅಕ್ಷರ ಬಿಡಿಸಿ ಓದುವುದು ಮತ್ತು ಆ ಮಾತು ಅರ್ಥವಾಗುವುದು. ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಇದನ್ನು ಗುಣಾಕಾರದಂತೆ ಬರೆದರು. ಎರಡರಲ್ಲಿ ಒಂದು ಸೊನ್ನೆಯಾದರೆ ಒಟ್ಟು ಫಲವೂ ಸೊನ್ನೆ.

ಪತ್ತೆ ಮಾಡುವುದು ಕಷ್ಟ ಅಲ್ಲ. ಒಂದು ಪುಟ ನೀವೇ ಓದಿ ಹೇಳಿ. 'ಏನಾಯ್ತು, ಹೇಳು' ಅನ್ನಿ. ಮಗು ಚೆನ್ನಾಗಿ ಹೇಳಿದರೆ ಮಾತು ಅರ್ಥವಾಗುತ್ತಿದೆ, ತೊಡಕು ಅಕ್ಷರದಲ್ಲಿದೆ. ಸರಾಗವಾಗಿ ಓದಿಯೂ ಏನೂ ಹೇಳಲು ಬಾರದಿದ್ದರೆ ತೊಡಕು ಮಾತಿನಲ್ಲಿ, ಇಲ್ಲವೇ ಗಮನದಲ್ಲಿ. ಈ ಎರಡನೆಯ ಗುಂಪು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಗಟ್ಟಿಯಾಗಿ ಓದುತ್ತಾರೆ, ನಾವು 'ಗುಡ್' ಅಂದು ಕೂರಿಸುತ್ತೇವೆ.

ಕನ್ನಡದಲ್ಲಿ ಅಕ್ಷರದ ತೊಡಕು ಎಂದರೆ ಹೆಚ್ಚಾಗಿ ಒತ್ತಕ್ಷರ ಮತ್ತು ಉದ್ದದ ಪದ. ಸೋನಾಲಿ ನಾಗ್ ಅವರು ಬೆಂಗಳೂರಿನ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವಂತೆ, ಕನ್ನಡದ ಅಕ್ಷರಗಳು ಪೂರ್ತಿ ಕೈವಶವಾಗಲು ನಾಲ್ಕನೇ ಕ್ಲಾಸಿನವರೆಗೂ ಸಮಯ ಹಿಡಿಯುತ್ತದೆ. ನಡುವೆ ಒಂದೆರಡು ವರ್ಷ ಶಾಲೆ ತಪ್ಪಿದ ಮಗು, ಊರು ಬಿಟ್ಟು ಊರಿಗೆ ಕೆಲಸಕ್ಕೆ ಹೋಗುವ ಮನೆಯ ಮಗು ಎಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ ಅಂತ ಇದರಿಂದ ಗೊತ್ತಾಗುತ್ತದೆ. ಅಂಥ ಮಗುವಿಗೆ ದಿನಾ ಹತ್ತು ಹದಿನೈದು ನಿಮಿಷ ಬೇರೆ ಕೂರಿಸಿ ಓದಿಸಿ. ಅದೇ ಕಾದಂಬರಿಯ, ಆಗಲೇ ಕೇಳಿದ ಅರ್ಧ ಪುಟವನ್ನು ಎರಡು ಮೂರು ಸಲ ಓದಿಸಿ. ಏನು ಬರುತ್ತದೆ ಅಂತ ಗೊತ್ತಿರುವುದರಿಂದ ಧೈರ್ಯ ಬರುತ್ತದೆ. ಹದಿನಾಲ್ಕು ವರ್ಷದ ಹುಡುಗನ ಕೈಗೆ ಒಂದನೇ ಕ್ಲಾಸಿನ ಪುಸ್ತಕ ಮಾತ್ರ ಕೊಡಬೇಡಿ, ದಯವಿಟ್ಟು.

ಮನೆಯಲ್ಲಿ ಕನ್ನಡ ಮಾತಾಡದ ಮಕ್ಕಳು ಏನು ಮಾಡಬೇಕು?

ಕೊಡಗಿನಲ್ಲಿ ಒಂದೇ ಬೆಂಚಿನ ಮೇಲೆ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವ, ತಮಿಳು ಎಲ್ಲ ಕೂತಿರುತ್ತವೆ. ಈಗ ತೋಟಗಳಿಗೆ ಅಸ್ಸಾಂ ಕಡೆಯಿಂದ ಬಂದವರ ಮಕ್ಕಳೂ ಇದ್ದಾರೆ. ಬಜಾರಿನ ಕನ್ನಡ ಎಲ್ಲರಿಗೂ ಬರುತ್ತದೆ. ಪುಸ್ತಕದ ಕನ್ನಡ ಬೇರೆ.

ಚರ್ಚೆಯಲ್ಲಿ ಯಾವ ಮಾತು ಬಂದರೂ ಬರಲಿ. ಒಂದು ಅಧ್ಯಾಯ ಮುಗಿದ ಮೇಲೆ ಇಬ್ಬಿಬ್ಬರಾಗಿ ತಮ್ಮ ಮನೆ ಮಾತಿನಲ್ಲೇ ಕಥೆ ಹೇಳಿಕೊಳ್ಳಲಿ, ಆಮೇಲೆ ಎಲ್ಲರಿಗೂ ಕನ್ನಡದಲ್ಲಿ ಹೇಳಲಿ. ಅರ್ಥವಾಗಿದೆಯೋ ಇಲ್ಲವೋ ಎಂಬುದು ಮೊದಲನೆಯದರಲ್ಲೇ ಗೊತ್ತಾಗುತ್ತದೆ. 'ಕನ್ನಡದಲ್ಲೇ ಹೇಳು' ಅಂತ ತಡೆದರೆ ನೀವು ಅಳೆಯುತ್ತಿರುವುದು ಅವರ ಕನ್ನಡವನ್ನು. ಪುಸ್ತಕ ಎಷ್ಟು ಅರ್ಥವಾಗಿದೆ ಅಂತ ತಿಳಿಯುವುದೇ ಇಲ್ಲ.

ಯಾವ ಪುಸ್ತಕದಿಂದ ಶುರು ಮಾಡಬೇಕು?

ಎರಡು ನೋಡಿ. ಕಥೆ ಮುಂದಕ್ಕೆ ಎಳೆಯಬೇಕು. ಅದರ ಲೋಕ ಮಕ್ಕಳಿಗೆ ಸ್ವಲ್ಪವಾದರೂ ಗೊತ್ತಿರಬೇಕು. 1988ರಲ್ಲಿ ಅಮೆರಿಕದ ರೆಕ್ಟ್ ಮತ್ತು ಲೆಸ್ಲಿ ಒಂದು ಬೇಸ್‌ಬಾಲ್ ಆಟದ ವಿವರಣೆಯನ್ನು ಮಕ್ಕಳಿಗೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದವರು, ಓದಿನಲ್ಲಿ ಮುಂದಿದ್ದೂ ಆಟ ಗೊತ್ತಿಲ್ಲದವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು. ನಮ್ಮ ಮಕ್ಕಳಿಗೆ ಕಾಡು ಗೊತ್ತು, ತೋಟ ಗೊತ್ತು, ಮಳೆ ಗೊತ್ತು, ಆನೆ ಬಂದ ರಾತ್ರಿ ಗೊತ್ತು. ಆ ಬಂಡವಾಳ ಯಾಕೆ ಬಿಡಬೇಕು?

ಅದಕ್ಕೇ ನನ್ನ ಮೊದಲ ಆಯ್ಕೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ', 1980ರ ಕಾದಂಬರಿ. ಮೂಡಿಗೆರೆ ಸೀಮೆಯ ಕಥೆಯಾದರೂ ನಮ್ಮ ಮಕ್ಕಳಿಗೆ ಪಕ್ಕದ ಊರಿನದ್ದೇ ಅನ್ನಿಸುತ್ತದೆ. ದಪ್ಪ ಪುಸ್ತಕ ಅಲ್ಲ. ಮಾತುಕತೆ ಜಾಸ್ತಿ, ನಗುವೂ ಇದೆ. ಎಲ್ಲಕ್ಕಿಂತ ಮುಖ್ಯ ಅಂದರೆ ಅದರಲ್ಲಿ ಮಂದಣ್ಣ ಇದ್ದಾನೆ. ಊರವರ ಕಣ್ಣಿಗೆ ಉಪಯೋಗಕ್ಕೆ ಬಾರದವನು. ವಿಜ್ಞಾನಿ ಕರ್ವಾಲೊ ಕಣ್ಣಿಗೆ ಕಾಡನ್ನು ಓದಬಲ್ಲ ಅಪರೂಪದ ಹುಡುಗ. 'ನೀನು ದಡ್ಡ' ಅಂತ ಕೇಳಿಸಿಕೊಂಡೇ ಬೆಳೆದ ಮಕ್ಕಳು ಈ ಮಂದಣ್ಣನನ್ನು ಬಿಡುವುದಿಲ್ಲ.

ಹತ್ತನೇ ಕ್ಲಾಸಿಗೆ ಶಿವರಾಮ ಕಾರಂತರ 'ಚೋಮನ ದುಡಿ' ಓದಬಹುದು. 1933ರದ್ದು. ಸಾಲ ತೀರಿಸಲು ಚೋಮನ ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ದುಡಿಯಲು ಹೋಗುವುದು ಅದರಲ್ಲಿದೆ. ಲೈನ್ ಮನೆಗಳ ಮಕ್ಕಳಿರುವ ಕ್ಲಾಸಿನಲ್ಲಿ ಇದು ದೊಡ್ಡ ಮಾತುಕತೆಗೆ ದಾರಿ ಮಾಡುತ್ತದೆ. ಆದರೆ ಜಾತಿಯ ನೋವಿನ ಪುಸ್ತಕ ಅದು. 'ನಿಮ್ಮ ಮನೆಯಲ್ಲೂ ಹೀಗೇನಾ?' ಅಂತ ಯಾವ ಮಗುವನ್ನೂ ಕೇಳಬೇಡಿ. ಅಡ್ವಾನ್ಸ್, ಸಾಲ, ಕೂಲಿ ಬಗ್ಗೆ ಪುಸ್ತಕದೊಳಗಿನ ಜನರನ್ನು ಹಿಡಿದೇ ಮಾತಾಡಿ. ಮಕ್ಕಳು ತಾವಾಗಿ ಹೇಳಿದರೆ ಕೇಳಿ.

ಮಾಸ್ತಿಯವರ 'ಚಿಕವೀರ ರಾಜೇಂದ್ರ' ಓದಿಸಿ ಅಂತ ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಹೇಳುತ್ತಾರೆ, ಕೊಡಗಿನ ಕೊನೆಯ ಅರಸನ ಕಥೆ ಅಂತ. ಹಿರಿಯ ಕೃತಿ, ನಿಜ. ಆದರೆ ಉದ್ದ ಜಾಸ್ತಿ, ಜನರೂ ಜಾಸ್ತಿ. ಮೊದಲ ಪುಸ್ತಕಕ್ಕೆ ಬೇಡ. ನಮ್ಮ ಊರಿನದ್ದೇ ಬೇಕು ಅಂದರೆ ಕೊಡಗಿನ ಗೌರಮ್ಮನವರ ಕಥೆಗಳಿವೆ. 27ನೇ ವಯಸ್ಸಿಗೇ, 1939ರಲ್ಲಿ ತೀರಿಕೊಂಡ ಈ ಹೆಣ್ಣುಮಗಳ ಕನ್ನಡ ಇವತ್ತಿಗೂ ತಿಳಿಯಾಗಿ ಓದಿಸಿಕೊಳ್ಳುತ್ತದೆ. ಹೈಸ್ಕೂಲ್ ಹುಡುಗಿಯರು ಮಾತಾಡಲು ಬೇಕಾದಷ್ಟು ಅಲ್ಲಿದೆ.

ಗಟ್ಟಿಯಾಗಿ ಯಾರು ಓದಬೇಕು? ಸರದಿ ಪ್ರಕಾರ ಮಕ್ಕಳಿಂದ ಓದಿಸಬಹುದಾ?

ನೀವೇ ಓದಿ. ಮಕ್ಕಳ ಮುಂದೆ ಪುಸ್ತಕ ಇರಲಿ, ಇಬ್ಬರಿಗೆ ಒಂದಾದರೂ. ನಿಮ್ಮ ಧ್ವನಿಯ ಜೊತೆ ಅವರ ಕಣ್ಣು ಸಾಲಿನ ಮೇಲೆ ಹೋಗಲಿ.

ಸರದಿ ಓದು ಬೇಡ. ತನ್ನ ಪಾಲಿಗೆ ಯಾವ ಪ್ಯಾರಾ ಬರುತ್ತದೆ ಅಂತ ಮಗು ಮೊದಲೇ ಎಣಿಸಿಟ್ಟುಕೊಂಡು ಅದನ್ನೇ ಒಳಗೊಳಗೆ ಉರು ಹೊಡೆಯುತ್ತಿರುತ್ತದೆ. ಉಳಿದ ಕಥೆ ಕಿವಿಗೆ ಬೀಳುವುದಿಲ್ಲ. ಅದರ ಸರದಿ ಬಂದಾಗ ಎಲ್ಲರೆದುರು ತಡವರಿಸಿ ಅವಮಾನ, ಕೇಳುವವರಿಗೆ ಕಥೆ ತುಂಡು ತುಂಡು. ಓದಲು ಆಸೆ ಇರುವವರಿಗೆ ಹಿಂದಿನ ದಿನವೇ ಅರ್ಧ ಪುಟ ಕೊಟ್ಟು ತಯಾರಾಗಿ ಬರಲು ಹೇಳಿ. ಸಂಭಾಷಣೆ ಇರುವ ಕಡೆ ಪಾತ್ರ ಹಂಚಿ.

ನಾವೇ ಓದಿ ಹೇಳಿದರೆ ಅವರು ಓದಿದ ಹಾಗೆ ಆಗುತ್ತಾ?

ಆಗುತ್ತದೆ. ಕಥೆ ತಲೆಯಲ್ಲಿ ಕಟ್ಟಿಕೊಳ್ಳುವುದು, ಯಾರು ಯಾಕೆ ಹಾಗೆ ಮಾಡಿದರು ಅಂತ ಊಹಿಸುವುದು, ಹಿಂದಿನದನ್ನು ನೆನಪಿಟ್ಟು ಮುಂದಿನದಕ್ಕೆ ಜೋಡಿಸುವುದು ಎಲ್ಲ ಅವರೇ ಮಾಡುತ್ತಿದ್ದಾರೆ. ಅಕ್ಷರದ ಅಭ್ಯಾಸ ಬೇರೆ ಹೊತ್ತಿನಲ್ಲಿ ಅದರ ಪಾಡಿಗೆ ನಡೆಯಲಿ.

ಕಷ್ಟದ ಪದಗಳಿಗೆ ಅರ್ಥ ಬರೆಸಬೇಕಾ?

ಪಟ್ಟಿ ಮಾಡಿಸಬೇಡಿ. ಕಥೆ ನಿಲ್ಲಿಸಬೇಡಿ. ಓದುತ್ತಲೇ ಧ್ವನಿ ಸ್ವಲ್ಪ ತಗ್ಗಿಸಿ ಅರ್ಥ ಹೇಳಿ ಮುಂದೆ ಹೋಗಿ. ಒಂದು ಅಧ್ಯಾಯದಲ್ಲಿ ಮೂರು ನಾಲ್ಕು ಪದ ಮಾತ್ರ ಆರಿಸಿಕೊಳ್ಳಿ, ಅವು ಇಲ್ಲದೆ ಕಥೆಯೇ ತಿಳಿಯದು ಅನ್ನುವಂಥವು. ಆ ಪದಗಳನ್ನು ನೀವು ಆಮೇಲಿನ ಮಾತಿನಲ್ಲಿ ಬೇಕೆಂತಲೇ ಬಳಸಿ.

ನಮ್ಮ ಮಕ್ಕಳು ಮಾತೇ ಆಡುವುದಿಲ್ಲ. ಪ್ರಶ್ನೆ ಕೇಳಿದರೆ ತಲೆ ಬಗ್ಗಿಸುತ್ತಾರೆ. ಚರ್ಚೆ ಹೇಗೆ?

ನಾವು ಕೇಳುವ ಪ್ರಶ್ನೆ ನೋಡಿ. 'ಯಾರು ಯಾರಿಗೆ ಹೇಳಿದರು?', 'ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ', 'ಇದರ ನೀತಿ ಏನು?' ಇವೆಲ್ಲ ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆಗಳು. ತಪ್ಪಾದರೆ ನಗುತ್ತಾರೆ ಅಂತ ಮಕ್ಕಳಿಗೆ ವರ್ಷಗಳಿಂದ ಗೊತ್ತು. ಅದಕ್ಕೇ ಬಾಯಿ ಬಿಡುವುದಿಲ್ಲ.

ಬ್ರಿಟಿಷ್ ಲೇಖಕ ಏಡನ್ ಚೇಂಬರ್ಸ್ ಹೇಳಿಕೊಟ್ಟ ದಾರಿ ಸರಳ. ಏನು ಇಷ್ಟವಾಯಿತು, ಏನು ಇಷ್ಟವಾಗಲಿಲ್ಲ, ಏನು ಗೊಂದಲ ಆಯಿತು, ಮತ್ತೆ ಮತ್ತೆ ಬಂದದ್ದು ಏನಾದರೂ ಕಂಡಿತಾ ಅಂತ ಕೇಳಿ. 'ಯಾಕೆ?' ಅಂತ ಜೋರು ಮಾಡದೆ 'ಸ್ವಲ್ಪ ಬಿಡಿಸಿ ಹೇಳು' ಅನ್ನಿ. ನನಗೆ ಈ ನಾಲ್ಕರಲ್ಲಿ ಗೊಂದಲದ ಪ್ರಶ್ನೆಯೇ ಹೆಚ್ಚು ಪ್ರಿಯ. ಅರ್ಥವಾಗಲಿಲ್ಲ ಅಂತ ಹೇಳುವುದೂ ಒಂದು ಉತ್ತರ ಅಂತ ಮಕ್ಕಳಿಗೆ ಅಲ್ಲಿ ಗೊತ್ತಾಗುತ್ತದೆ. ಚೆನ್ನಾಗಿ ಓದುವವರಿಗೂ ಅದೇ ಜಾಗದಲ್ಲಿ ಗೊಂದಲ ಆಗಿತ್ತು ಅಂತಲೂ ಗೊತ್ತಾಗುತ್ತದೆ.

ಕೇಳಿದ ಮೇಲೆ ಸುಮ್ನೆ ಇರಿ. ಟೀಚರ್‌ಗಳು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆ ಅಂತ ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿದ್ದವರೂ ಮಾತಾಡುತ್ತಾರೆ. ಮೂರು ಸೆಕೆಂಡಿನ ಮೌನ ನಿಂತವರಿಗೆ ಬಹಳ ಉದ್ದ ಅನ್ನಿಸುತ್ತದೆ. ಮನಸ್ಸಿನಲ್ಲೇ ಎಣಿಸಿ.

ಒಂದು ಉದಾಹರಣೆ ಹೇಳುತ್ತೇನೆ. 'ಕರ್ವಾಲೊ' ಓದುವಾಗ ಹಾರುವ ಓತಿಯ ಮಾತು ಬಂತು. ಅಂಥ ಪ್ರಾಣಿ ನಿಜಕ್ಕೂ ಇದೆಯಾ, ಬರೆದವರ ಕಲ್ಪನೆಯಾ ಅಂತ ಮಕ್ಕಳಲ್ಲಿ ವಾದ ಶುರುವಾಯಿತು. ಮುಂದಿನ ಬೆಂಚಿನವರು, ಓದಿನಲ್ಲಿ ಚುರುಕಾದವರು, ಕಲ್ಪನೆ ಅಂದರು. ಕಿಟಕಿ ಪಕ್ಕದ ಹುಡುಗಿಯೊಬ್ಬಳು, ಅಲ್ಲಿಯವರೆಗೆ ಒಂದು ಮಾತೂ ಆಡದವಳು, ತಲೆ ಎತ್ತದೆ, 'ಇದೆ ಮಿಸ್, ಅಡಿಕೆ ಮರದಲ್ಲಿ. ಗಂಟಲಡಿ ಹಳದಿ ಚೀಲದ ತರ ಹೊರಗೆ ಚಾಚ್ತದೆ' ಅಂದಳು. ಕೈಯಲ್ಲಿ ಮಾಡಿಯೂ ತೋರಿಸಿದಳು. ಮರಕ್ಕೆ ಅಂಟಿಕೊಂಡರೆ ತೊಗಟೆ ಯಾವುದು ಓತಿ ಯಾವುದು ತಿಳಿಯುವುದಿಲ್ಲವಂತೆ. ಅವಳು ಹೇಳಿದ್ದೆಲ್ಲ ಸರಿ. ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲಿ ಆ ಓತಿ ಇದೆ, ಗಂಡಿನ ಗಂಟಲಡಿ ಹಳದಿ ಪಟ್ಟಿ ಇರುತ್ತದೆ. ಆ ಹೊತ್ತಿಗೆ ಕ್ಲಾಸಿನಲ್ಲಿ ಪುಸ್ತಕದ ಬಗ್ಗೆ ಅಧಿಕಾರದಿಂದ ಮಾತಾಡಬಲ್ಲವಳು ಅವಳೊಬ್ಬಳೇ. ಮುಂದಿನ ಅಧ್ಯಾಯಗಳಲ್ಲಿ ಉಳಿದವರು ಅವಳನ್ನೇ ತಿರುಗಿ ತಿರುಗಿ ಕೇಳಿದರು.

ಪುಸ್ತಕದ ಕೊನೆಗೆ ಒಂದೇ ಒಂದು ದೊಡ್ಡ ಪ್ರಶ್ನೆ ಇಟ್ಟುಕೊಳ್ಳಿ, ಎರಡು ಕಡೆಗೂ ವಾದ ಮಾಡಬಹುದಾದದ್ದು. 'ಕರ್ವಾಲೊ'ದಲ್ಲಿ ಅಷ್ಟು ಕಷ್ಟಪಟ್ಟು ಕಾಡು ಹೊಕ್ಕರೂ ಓತಿ ಕೈಗೆ ಸಿಗುವುದಿಲ್ಲ. ಹಾಗಾದರೆ ಅವರು ಹೋಗಿದ್ದು ವ್ಯರ್ಥವಾ? ಹೌದು ಅನ್ನುವವರು ಈ ಕಡೆ, ಇಲ್ಲ ಅನ್ನುವವರು ಆ ಕಡೆ ನಿಲ್ಲಲಿ. ಕಾರಣ ಪುಸ್ತಕದೊಳಗಿನಿಂದ ಹೇಳಲಿ. ಮನಸ್ಸು ಬದಲಾದರೆ ಎದ್ದು ಆ ಕಡೆ ಹೋಗಬಹುದು.

ಪಾತ್ರಗಳ ಹೆಸರೇ ಮರೆತುಹೋಗುತ್ತವೆ. ವಾರದಲ್ಲಿ ಎರಡು ದಿನ ರಜೆ ಹಾಕುವವರು ಬೇರೆ.

ಗೋಡೆಗೆ ಒಂದು ದೊಡ್ಡ ಡ್ರಾಯಿಂಗ್ ಶೀಟ್ ಅಂಟಿಸಿ. ಹೆಸರು, ಯಾರಿಗೆ ಏನಾಗಬೇಕು, ಅವರಿಗೆ ಏನು ಬೇಕಾಗಿದೆ, ಇಷ್ಟೇ. ಪ್ರತಿ ದಿನ ಓದು ಶುರು ಮಾಡುವ ಮೊದಲು ಎರಡು ನಿಮಿಷ 'ಇಲ್ಲಿಯವರೆಗೆ' ಹೇಳುವ ಕೆಲಸ ಮಕ್ಕಳದ್ದು. ನಿನ್ನೆ ಬಾರದವರಿಗೆ ಬಂದವರು ಹೇಳಲಿ. ಹೇಳುವವರಿಗೇ ಇದರಿಂದ ಲಾಭ ಜಾಸ್ತಿ.

ಸಿಲಬಸ್ ಮುಗಿಸಲು ಪರದಾಡುತ್ತೇವೆ. ಇದಕ್ಕೆ ಟೈಮ್ ಎಲ್ಲಿ?

ಲೆಕ್ಕ ಹಾಕಿ. ಒಂದು ಪೀರಿಯಡ್‌ನಲ್ಲಿ ಮಾತುಕತೆ ಕಳೆದು ಹತ್ತು ಪುಟ ಓದಬಹುದು. 120 ಪುಟದ ಪುಸ್ತಕಕ್ಕೆ 12 ಪೀರಿಯಡ್. ವಾರಕ್ಕೆ ಮೂರು ಅಂದರೆ ಒಂದು ತಿಂಗಳು. ಇದಕ್ಕಿಂತ ನಿಧಾನ ಬೇಡ. ಮೂರು ತಿಂಗಳು ಎಳೆದರೆ ಕಥೆಯ ಎಳೆ ಕಳೆದುಹೋಗುತ್ತದೆ.

ಯಾವಾಗ ಎಂಬುದು ನಮ್ಮ ಜಿಲ್ಲೆಯಲ್ಲಿ ಇನ್ನೂ ಮುಖ್ಯ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ರಜೆ ಯಾವ ದಿನ ಬರುತ್ತದೆ ಹೇಳಲಾಗದು. ಶೀಟ್ ಮಾಡಿನ ಕ್ಲಾಸಾದರೆ ಮಳೆಯ ಸದ್ದಿಗೆ ಗಟ್ಟಿ ಓದು ಎರಡನೇ ಬೆಂಚಿಗೂ ಕೇಳಿಸುವುದಿಲ್ಲ. ಕರೆಂಟೂ ಇರುವುದಿಲ್ಲ. ಡಿಸೆಂಬರ್ ಬಂತೆಂದರೆ ಕಾಫಿ ಕುಯ್ಲು, ದೊಡ್ಡ ಮಕ್ಕಳು ಮನೆಯಲ್ಲಿ ಚಿಕ್ಕವರನ್ನು ನೋಡಿಕೊಳ್ಳಲು ನಿಲ್ಲುತ್ತಾರೆ. ಹಾಗಾಗಿ ದಸರಾ ರಜೆ, ಕಾವೇರಿ ಸಂಕ್ರಮಣ ಮುಗಿದ ಕೂಡಲೇ ಶುರು ಮಾಡಿ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಹೊತ್ತಿಗೆ ಮುಗಿಸುವುದು ಒಳ್ಳೆಯದು.

ಪುಸ್ತಕದ ಬದಲು ಸಿನಿಮಾ ತೋರಿಸಿದರೆ?

ಬದಲು ಬೇಡ, ಆಮೇಲೆ ತೋರಿಸಿ. 'ಚೋಮನ ದುಡಿ'ಯನ್ನು ಬಿ.ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದರು, ಸ್ವರ್ಣ ಕಮಲ ಬಂತು. ಓದಿ ಮುಗಿಸಿದ ಮಕ್ಕಳು ಅದನ್ನು ನೋಡುವಾಗ 'ಹೀಗಿರಲಿಲ್ಲ' ಅಂತ ಜಗಳ ತೆಗೆದರೆ ಪುಸ್ತಕ ಚೆನ್ನಾಗಿ ಒಳಗೆ ಇಳಿದಿದೆ ಅಂತ ಲೆಕ್ಕ.

ಎಷ್ಟು ಮಾಡಿದರೂ ಒಬ್ಬ ಹುಡುಗನಿಗೆ ಅಕ್ಷರ ಹತ್ತುತ್ತಿಲ್ಲ. ಕಲಿಕೆಯ ತೊಂದರೆ ಇರಬಹುದಾ?

ಮೊದಲು ಕಣ್ಣು ಮತ್ತು ಕಿವಿ ಪರೀಕ್ಷೆ ಮಾಡಿಸಿ. ಬೋರ್ಡೇ ಕಾಣದ ಮಗುವನ್ನು ಸೋಮಾರಿ ಅಂದುಕೊಂಡಿರುವುದು ಬಹಳ ಕಡೆ ಇದೆ. ಅದು ಸರಿ ಇದ್ದರೆ ಡಿಸ್‌ಲೆಕ್ಸಿಯಾ, ಅಂದರೆ ಅಕ್ಷರ ಬಿಡಿಸಿ ಓದಲು ಅಡ್ಡಿಯಾಗುವ ಕಲಿಕೆಯ ತೊಂದರೆ ಇರಬಹುದು. ನಮಗೆ ಹತ್ತಿರ ಅಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಅಲ್ಲಿ ತಪಾಸಣೆ ಮಾಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕೆಯ ನಿರ್ದಿಷ್ಟ ತೊಂದರೆಯೂ ಸೇರಿದೆ. ಪ್ರಮಾಣಪತ್ರ ಇದ್ದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ರಿಯಾಯಿತಿ ಕೇಳಬಹುದು. ಹತ್ತನೇ ಕ್ಲಾಸಿನ ಜನವರಿವರೆಗೆ ಕಾಯಬೇಡಿ. ಓದುವ ಗುಂಪಿನಿಂದಲೂ ಅವನನ್ನು ಬಿಡಬೇಡಿ. ಕಿವಿಯಿಂದ ಓದಲಿ, ಬಾಯಿಂದ ಚರ್ಚಿಸಲಿ.

ನಮಗೇ ಓದು ಬರುವುದಿಲ್ಲ. ಮಗಳಿಗೆ ಮನೆಯಲ್ಲಿ ಹೇಗೆ ಸಹಾಯ ಮಾಡುವುದು?

'ಇವತ್ತು ಕಥೆ ಎಲ್ಲಿಗೆ ಬಂತು?' ಅಂತ ದಿನಾ ಕೇಳಿ. ಅಡುಗೆ ಮಾಡುತ್ತಾ ಕೇಳಿದರೂ ಆಯಿತು, ಯಾವ ಭಾಷೆಯಲ್ಲಾದರೂ ಆಯಿತು. 'ಆಮೇಲೆ?' ಅನ್ನಿ. ಹೇಳಿದ್ದು ನಿಮಗೆ ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನಿ, ಅವಳು ಇನ್ನೊಂದು ಸಲ ಸರಿಯಾಗಿ ಹೇಳಲು ನೋಡುತ್ತಾಳೆ. ಅಕ್ಷರ ಬಲ್ಲವರೂ ಮಾಡಬಹುದಾದದ್ದು ಇದಕ್ಕಿಂತ ಹೆಚ್ಚೇನಿಲ್ಲ.

ಅಷ್ಟು ಪುಸ್ತಕ ಎಲ್ಲಿಂದ ತರುವುದು?

ನಿಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯಿತಿ ಲೈಬ್ರರಿಯಲ್ಲಿ, ಮೊದಲು ಕೇಳಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಅಕ್ಕಪಕ್ಕದ ಮೂರು ನಾಲ್ಕು ಶಾಲೆಗಳು ಸೇರಿ ಒಂದು ಸೆಟ್ ಕೊಂಡು ಸರದಿಯಲ್ಲಿ ಬಳಸಬಹುದು. ಹಳೆ ವಿದ್ಯಾರ್ಥಿಗಳು, ತೋಟದ ಮಾಲೀಕರು ಶಾಲೆಗೆ ಏನು ಬೇಕು ಅಂತ ಕೇಳಿದಾಗ ಗೋಡೆ ಗಡಿಯಾರದ ಬದಲು ಒಂದೇ ಪುಸ್ತಕದ 20 ಪ್ರತಿ ಕೇಳಿ. ಇಡೀ ಪುಸ್ತಕ ಜೆರಾಕ್ಸ್ ಮಾಡುವುದು ಸರಿಯಲ್ಲ. ಗೌರಮ್ಮನವರ ಕಥೆಗಳಿಗೆ ಮಾತ್ರ ಆ ಅಡ್ಡಿ ಇಲ್ಲ, ಅವುಗಳ ಕಾಪಿರೈಟ್ ಅವಧಿ ಮುಗಿದು ಎಷ್ಟೋ ವರ್ಷವಾಯಿತು.

ಒಂದು ಪುಸ್ತಕ ಮುಗಿಯಿತು. ಈಗ ಪರೀಕ್ಷೆ ಕೊಡಬೇಕಾ?

ಬೇಡ. ಕೂಡಲೇ ಎರಡನೆಯದು ಶುರು ಮಾಡಿ. ಮೊದಲು ಹೇಳಿದ ಇಂಗ್ಲೆಂಡಿನ ಟೀಚರ್‌ಗಳು ಮಾಡಿದ್ದೂ ಅದೇ. ಈ ಸಲ ಸ್ವಲ್ಪ ಕೆಲಸ ಮಕ್ಕಳ ಕೈಗೆ ಬಿಡಿ. ನಾಲ್ಕು ನಾಲ್ಕು ಜನರ ಗುಂಪು ಮಾಡಿ. ಒಬ್ಬರು ಇಷ್ಟರವರೆಗಿನ ಕಥೆ ಹೇಳಲಿ, ಒಬ್ಬರು ಪ್ರಶ್ನೆ ಕೇಳಲಿ, ಒಬ್ಬರು ತಿಳಿಯದ ಜಾಗ ಹುಡುಕಿ ಬಿಡಿಸಲು ನೋಡಲಿ, ಒಬ್ಬರು ಮುಂದೇನಾಗಬಹುದು ಅಂತ ಊಹಿಸಲಿ. 1984ರಲ್ಲಿ ಪಾಲಿಂಕ್ಸರ್ ಮತ್ತು ಬ್ರೌನ್, ಓದಲು ಬಂದರೂ ಅರ್ಥವಾಗದ ಏಳನೇ ಕ್ಲಾಸಿನ ಮಕ್ಕಳ ಜೊತೆ ಈ ಕ್ರಮ ಮಾಡಿ ನೋಡಿ ಒಳ್ಳೆಯ ಫಲ ಕಂಡರು. ಅಧ್ಯಾಯ ಬದಲಾದಂತೆ ಕೆಲಸವೂ ಬದಲಾಗಲಿ. ಮೊದಮೊದಲು ಪ್ರಶ್ನೆಗಳು 'ಅವನ ನಾಯಿಯ ಹೆಸರೇನು?' ಎಂಬಂಥವೇ ಬರುತ್ತವೆ. ನೀವು ಆ ಗುಂಪಿನ ಪಕ್ಕ ಕೂತು ನಿಮಗೆ ನಿಜವಾಗಿ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಕೇಳಿ, ಎದ್ದು ಇನ್ನೊಂದು ಗುಂಪಿಗೆ ಹೋಗಿ.